ಗ್ರಿಟ್ಸ್ ಒಡೆಯಲು ಒಂದು ಹಳೇ ಕೈಗಿರಣಿ: ತುಕ್ಕು ಬಿಡಿಸಿದಲ್ಲಿಂದ ತಟ್ಟೆಗೆ ಬಡಿಸುವವರೆಗೆ

ಉತ್ತರ ಜಾರ್ಜಿಯಾದ ಗುಡ್ಡದ ಊರೊಂದರ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಎರಕದ ಕೈಗಿರಣಿ ಸಿಕ್ಕಿತು. ಅದನ್ನು ರಿಪೇರಿ ಮಾಡಿ, ಅದರಲ್ಲೇ ಮೆಕ್ಕೆಜೋಳ ಒಡೆದು, ಗ್ರಿಟ್ಸ್ ಬೇಯಿಸಿ ತಿಂದ ಕೆಲಸದ ದಾಖಲೆ ಇದು. ಶುರು ಮಾಡುವಾಗ ಗಿರಣಿಯದೇ ದೊಡ್ಡ ಕೆಲಸ ಅಂದುಕೊಂಡಿದ್ದೆ. ಜಾಸ್ತಿ ತಲೆ ಓಡಿಸಬೇಕಾಗಿ ಬಂದದ್ದು ಜರಡಿಗೆ. ಗ್ರಿಟ್ಸ್ ಚೆನ್ನಾಗಿ ಆಗುವುದೂ ಕೆಡುವುದೂ ಒಲೆಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ.

ತಿಂದು ಗೊತ್ತಿಲ್ಲದವರಿಗೆ ಎರಡು ಮಾತು. ಒಣಗಿದ ಮೆಕ್ಕೆಜೋಳವನ್ನು ಒರಟಾಗಿ ಒಡೆದ ನುಚ್ಚೇ ಗ್ರಿಟ್ಸ್. ಅದನ್ನು ನೀರಲ್ಲೋ ಹಾಲು ಬೆರೆಸಿದ ನೀರಲ್ಲೋ ನಿಧಾನವಾಗಿ ಬೇಯಿಸಿ, ಉಪ್ಪು, ಬೆಣ್ಣೆ ಹಾಕಿ ಗಂಜಿಗಿಂತ ಗಟ್ಟಿಯಾಗಿ ತಿನ್ನುತ್ತಾರೆ. ಇದನ್ನು ಮೊದಲು ಮಾಡುತ್ತಿದ್ದವರು ಮಸ್ಕೋಗೀ ಮುಂತಾದ ಮೂಲನಿವಾಸಿಗಳು. ಅವರಿಂದ ಬಿಳಿಯರೂ ಆಫ್ರಿಕಾದಿಂದ ಗುಲಾಮರಾಗಿ ಬಂದವರೂ ಕಲಿತರು. ಈಗ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದಿಲ್ಲದೆ ಬೆಳಗಿನ ತಿಂಡಿ ಇಲ್ಲ. ಜಾರ್ಜಿಯಾ 2002ರಲ್ಲಿ ಗ್ರಿಟ್ಸನ್ನು ರಾಜ್ಯದ ಅಧಿಕೃತ ಅಡುಗೆ ಅಂತಲೇ ಘೋಷಿಸಿತು. ಸೌತ್ ಕೆರೊಲಿನಾದ ಸೇಂಟ್ ಜಾರ್ಜ್ ಎಂಬ ಊರಲ್ಲಿ ಗ್ರಿಟ್ಸ್ ಜಾತ್ರೆ ನಡೆಯುತ್ತದೆ. ಅಲ್ಲಿ ತೊಟ್ಟಿಯ ತುಂಬಾ ಬೆಂದ ಗ್ರಿಟ್ಸ್ ಸುರಿದು, ಜನ ಅದರೊಳಗೆ ಬಿದ್ದು ಹೊರಳಾಡುತ್ತಾರೆ. ಯಾರ ಬಟ್ಟೆಗೆ ಜಾಸ್ತಿ ಮೆತ್ತಿಕೊಂಡಿತೋ ಅವರು ಗೆದ್ದಂತೆ.

ಅಂಗಡಿಯಲ್ಲಿ ಮೂರ್ನಾಲ್ಕು ಥರ ಸಿಗುತ್ತದೆ. ಇನ್‌ಸ್ಟಂಟ್ ಅಂದರೆ ಮೊದಲೇ ಬೇಯಿಸಿ ಒಣಗಿಸಿದ್ದು, ಬಿಸಿನೀರು ಹಾಕಿದರೆ ಸಾಕು. ಕ್ವಿಕ್ ಅಂದರೆ ಸಣ್ಣ ರವೆ, ಐದಾರು ನಿಮಿಷದ ಕೆಲಸ. ರೆಗ್ಯುಲರ್ ಇನ್ನೂ ಸ್ವಲ್ಪ ದಪ್ಪ. ಈ ಮೂರರಲ್ಲೂ ಕಾಳಿನ ಮೊಳಕೆ ಭಾಗವನ್ನು ತೆಗೆದಿರುತ್ತಾರೆ. ಎಣ್ಣೆ ಇರುವುದು ಅದರಲ್ಲೇ, ಅದು ಹೋದರೆ ಪೊಟ್ಟಣ ವರ್ಷಗಟ್ಟಲೆ ಕೆಡುವುದಿಲ್ಲ. ರುಚಿ ಇರುವುದೂ ಅದರಲ್ಲೇ ಅನ್ನುವುದು ಬೇರೆ ಮಾತು. ನಾಲ್ಕನೆಯದು ಕಲ್ಲಿನಲ್ಲಿ ಒಡೆದದ್ದು, ಮೊಳಕೆ ಸಮೇತ. ನನಗೆ ಬೇಕಿದ್ದದ್ದು ಆ ಥರದ್ದು.

ಸಿಕ್ಕ ಸಾಮಾನು

ಗಿರಣಿಯ ಮೈಮೇಲೆ ಎರಕದ ಅಕ್ಷರ: ಸಿ.ಎಸ್. ಬೆಲ್ ಕಂಪನಿ, ಹಿಲ್ಸ್‌ಬರೋ, ಒಹಾಯೊ, ನಂ. 2. ಈ ಕಂಪನಿ ಹೆಸರು ಮಾಡಿದ್ದು ಗಂಟೆಗಳಿಂದ. ಚರ್ಚು, ಶಾಲೆ, ತೋಟದ ಮನೆಗಳಿಗೆ ಉಕ್ಕಿನ ಗಂಟೆ ಎರಕ ಹೊಯ್ಯುತ್ತಿದ್ದರು. ಜೊತೆಗೆ ರೈತರಿಗೆ ಬೇಕಾದ ಗಿರಣಿಗಳನ್ನೂ ಮಾಡುತ್ತಿದ್ದರು. ಇದು ಮೇಜಿಗೆ ಬೋಲ್ಟ್ ಹಾಕಿ ನಿಲ್ಲಿಸುವ ಗಿರಣಿ. ಮೇಲೆ ಕಾಳು ಸುರಿಯುವ ಬಾಯಿ, ಒಳಗೆ ಕಾಳನ್ನು ಮುಂದಕ್ಕೆ ತಳ್ಳುವ ಸುರುಳಿ ದಂಡ, ಮುಂದೆ ಎದುರುಬದುರು ಎರಡು ಹಲ್ಲಿನ ಬಿಲ್ಲೆ. ಒಂದು ಬಿಲ್ಲೆ ಅಲ್ಲಾಡುವುದಿಲ್ಲ, ಇನ್ನೊಂದು ದಂಡದ ಜೊತೆ ತಿರುಗುತ್ತದೆ. ಎರಡರ ನಡುವಿನ ಸಂದು ಎಷ್ಟಿರಬೇಕು ಅನ್ನುವುದನ್ನು ಮುಂದಿರುವ ಒಂದು ಸ್ಕ್ರೂ ಹೇಳುತ್ತದೆ. ನಮ್ಮ ಬೀಸುಕಲ್ಲನ್ನು ಮಗ್ಗುಲಿಗೆ ನಿಲ್ಲಿಸಿದರೆ ಹೀಗೇ.

ಸ್ಕ್ರೂ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಹಿಡಿಕೆ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಬಿಲ್ಲೆಗಳ ಸಂದಿನಲ್ಲಿ ಯಾವ ಕಾಲದ್ದೋ ದನದ ಮೇವು ಕಲ್ಲಾಗಿ ಕೂತಿತ್ತು. ಹೊರಗೆ ಅಲ್ಲಲ್ಲಿ ಹಸಿರು ಬಣ್ಣ. ಎರಕದಲ್ಲಿ ಬಿರುಕು ಇರಲಿಲ್ಲ, ಅದನ್ನು ಟಾರ್ಚ್ ಹಿಡಿದು ನೋಡಿಯೇ ದುಡ್ಡು ಕೊಟ್ಟೆ. ತುಕ್ಕು ಎಷ್ಟಿದ್ದರೂ ಪರವಾಗಿಲ್ಲ. ಬಿರುಕು ಬಿಟ್ಟ ಎರಕ ಮಾತ್ರ ಮನೆಗೆ ತರಬೇಡಿ.

ತುಕ್ಕು ಮತ್ತು ಬಣ್ಣ

ಹಳೇ ಬಣ್ಣದಲ್ಲಿ ಸೀಸ ಇರುತ್ತದೆ ಅಂತಲೇ ಲೆಕ್ಕ ಹಾಕಿ. ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ನಿಷೇಧವಾದದ್ದೇ 1978ರಲ್ಲಿ. ಹಾಗಾಗಿ ಗ್ರೈಂಡರ್‌ಗೆ ತಂತಿ ಬ್ರಷ್ ಸಿಕ್ಕಿಸಿ ಒಣಗಿದ್ದಂತೆಯೇ ಉಜ್ಜುವುದು ಬೇಡವೇ ಬೇಡ. ಆ ಧೂಳು ನೇರ ಶ್ವಾಸಕೋಶಕ್ಕೆ. ನಾನು ತುಕ್ಕನ್ನೂ ಬಣ್ಣವನ್ನೂ ಒಟ್ಟಿಗೆ ನೀರಲ್ಲೇ ಬಿಡಿಸಿದೆ, ಕರೆಂಟ್ ಕೊಟ್ಟು.

ವಿಧಾನ ಹಳೆಯದೇ. ಒಂದು ಪ್ಲಾಸ್ಟಿಕ್ ತೊಟ್ಟಿ. ಗ್ಯಾಲನ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ಸುತ್ತ ನಾಲ್ಕು ಕಬ್ಬಿಣದ ಸರಳು, ಕಟ್ಟಡಕ್ಕೆ ಹಾಕುವ ಮಾಮೂಲಿ ಸರಳೇ ಆದೀತು. ನಡುವೆ ಗಿರಣಿಯ ಭಾಗ, ಸರಳಿಗೆ ತಗಲದ ಹಾಗೆ ತೂಗುಬಿಟ್ಟದ್ದು. ಕಾರ್ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ಗಿರಣಿಗೆ, ಪಾಸಿಟಿವ್ ಸರಳುಗಳಿಗೆ. ಇದು ಅದಲುಬದಲಾದರೆ ಗಿರಣಿಯೇ ಕರಗುತ್ತಾ ಹೋಗುತ್ತದೆ, ಎರಡೆರಡು ಸಲ ನೋಡಿ. ಈಗಿನ ಜಾಣ ಚಾರ್ಜರುಗಳು ಬ್ಯಾಟರಿ ಕಾಣದಿದ್ದರೆ ಕರೆಂಟೇ ಬಿಡುವುದಿಲ್ಲ. ಹಳೇ ಕಾಲದ, ಟ್ರಾನ್ಸ್‌ಫಾರ್ಮರ್ ಸುರುಳಿಯ ಚಾರ್ಜರ್ ಬೇಕು. ಸರಳಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಹಾಕಬೇಡಿ, ಅದರೊಳಗಿನ ಕ್ರೋಮಿಯಂ ವಿಷವಾಗಿ ನೀರಿಗೆ ಬರುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ.

ರಾತ್ರಿ ಕಳೆಯುವಷ್ಟರಲ್ಲಿ ನೀರು ಕೆಂಪು ರಾಡಿ. ತುಕ್ಕು ಕಪ್ಪು ಪುಡಿಯಾಗಿ ಸಡಿಲಾಗಿತ್ತು, ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಕೈಗವಸು ಹಾಕಿ ನೀರೊಳಗೇ ಪ್ಲಾಸ್ಟಿಕ್ ಬ್ರಷ್‌ನಿಂದ ತಿಕ್ಕಿದೆ. ತಳದ ರಾಡಿಯನ್ನು ಡಬ್ಬಿಗೆ ತುಂಬಿ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಟ್ಟೆ. ಚರಂಡಿಗೆ ಚೆಲ್ಲುವ ಸಾಮಾನಲ್ಲ ಅದು.

ಸ್ಕ್ರೂಗೆ ಬೇರೆ ಉಪಚಾರ. ತುಕ್ಕು ಬಿಡಿಸುವ ಎಣ್ಣೆ ಹಾಕುವುದು, ಸುತ್ತಲಿನ ಎರಕಕ್ಕೆ ಗ್ಯಾಸ್ ಟಾರ್ಚ್‌ನಿಂದ ನಿಧಾನ ಬಿಸಿ ಕೊಡುವುದು, ಆರಲು ಬಿಡುವುದು, ಮತ್ತೆ ಎಣ್ಣೆ. ಎಣ್ಣೆ ಇರುವಾಗ ಟಾರ್ಚ್ ಹಿಡಿದರೆ ಹೊಗೆ, ಉರಿ ಎರಡೂ ಬರುತ್ತದೆ, ಒರೆಸಿಯೇ ಬಿಸಿ ಮಾಡಿ. ಪಾನಾದಿಂದ ಒಂದು ಕೂದಲೆಳೆ ಮುಂದೆ, ಒಂದು ಕೂದಲೆಳೆ ಹಿಂದೆ. ಜೋರು ಮಾಡಿದರೆ ಎರಕ ಟಪ್ಪನೆ ಒಡೆಯುತ್ತದೆ. ಕೊನೆಗೆ ಕಿರ್ ಅಂತ ಒಂದು ಸದ್ದು ಬಂತು ನೋಡಿ, ಅಲ್ಲಿಗೆ ಗಿರಣಿ ಉಳಿಯಿತು ಅಂತ ಗೊತ್ತಾಯಿತು.

ತೊಳೆದ ಎರಕ ನಿಮಿಷಗಳಲ್ಲೇ ಮತ್ತೆ ಕೆಂಪಾಗುತ್ತದೆ. ಹಾಗಾಗಿ ಒಲೆಯಲ್ಲಿ ಪೂರಾ ಒಣಗಿಸಿ, ಬಿಸಿ ಇರುವಾಗಲೇ ತೆಳ್ಳಗೆ ಅಡುಗೆ ಎಣ್ಣೆ ಸವರಿ, ದೋಸೆ ಕಾವಲಿ ಪಳಗಿಸುವ ಹಾಗೆ ಮತ್ತೆ ಕಾಯಿಸಿದೆ. ಬಣ್ಣ ಬಳಿಯಲಿಲ್ಲ. ದಂಡ ಕೂರುವ ಜಾಗಕ್ಕೆ ಆಹಾರಕ್ಕೆ ನಡೆಯುವ ಗ್ರೀಸ್, ಮಾಮೂಲಿ ಕಾರಿನ ಗ್ರೀಸ್ ಅಲ್ಲ.

ಬಿಲ್ಲೆಗಳು

ಹಳೇ ಬಿಲ್ಲೆಗಳ ಹಲ್ಲು ಸವೆದು ದುಂಡಗಾಗಿದ್ದವು. ಸವೆದ ಹಲ್ಲು ಕಾಳನ್ನು ಕತ್ತರಿಸುವುದಿಲ್ಲ, ಅರೆಯುತ್ತದೆ. ಅರೆದರೆ ಹಿಟ್ಟು ಜಾಸ್ತಿ, ನುಚ್ಚು ಕಮ್ಮಿ. ಈ ಮಾದರಿಗೆ ಹೊಸ ಬಿಲ್ಲೆ ಈಗಲೂ ಸಿಗುತ್ತದೆ. ಒರಟು ಹಲ್ಲಿನ ಜೋಡಿ ತರಿಸಿದೆ.

ಹೊಸದು ಹಾಕಿದ ಮೇಲೂ ಒಂದು ತಕರಾರು. ಹಿಡಿಕೆ ತಿರುಗಿಸಿದರೆ ಒಂದು ಕಡೆ ಬಿಲ್ಲೆಗಳು ಉಜ್ಜುತ್ತಿದ್ದವು, ಎದುರು ಕಡೆ ಬೆಳಕು ಕಾಣುತ್ತಿತ್ತು. ಸಂದು ಸುತ್ತಲೂ ಒಂದೇ ಸಮ ಇಲ್ಲದಿದ್ದರೆ ಒಂದೇ ಸುತ್ತಿನಲ್ಲಿ ಅರ್ಧ ಹಿಟ್ಟು, ಅರ್ಧ ಇಡೀ ಕಾಳು ಬೀಳುತ್ತದೆ. ಪರೀಕ್ಷೆ ಸುಲಭ. ಅಲ್ಲಾಡದ ಬಿಲ್ಲೆಯ ಹಲ್ಲಿನ ತುದಿಗೆಲ್ಲಾ ವೈಟ್‌ಬೋರ್ಡ್ ಪೆನ್ನಿನ ನೀಲಿ ಹಚ್ಚಿ, ಸಂದು ಪೂರಾ ಕಮ್ಮಿ ಮಾಡಿ, ಕೈಯಲ್ಲಿ ನಿಧಾನ ಒಂದು ಸುತ್ತು ತಿರುಗಿಸಿ. ನೀಲಿ ಎಲ್ಲಿ ಅಳಿಸಿದೆಯೋ ಅದು ಎತ್ತರದ ಜಾಗ. ನನ್ನದರಲ್ಲಿ ಗಡಿಯಾರದ ಎರಡರಿಂದ ನಾಲ್ಕರವರೆಗೆ ಅಳಿಸಿತ್ತು. ಎದುರು ಬದಿಯಲ್ಲಿ ಬಿಲ್ಲೆಯ ಹಿಂದೆ ತೆಳುವಾದ ಸ್ಟೇನ್‌ಲೆಸ್ ತಗಡಿನ ಚೂರು ಇಟ್ಟು ಬೋಲ್ಟ್ ಬಿಗಿದೆ. ಮತ್ತೆ ನೀಲಿ, ಮತ್ತೆ ಸುತ್ತು. ಸುತ್ತಲೂ ಚುಕ್ಕೆ ಚುಕ್ಕೆಯಾಗಿ ಒಂದೇ ಸಮ ಅಳಿಸುವವರೆಗೆ ಇದೇ ಆಟ. ಬೇಸರದ ಕೆಲಸ, ಬಿಡುವ ಹಾಗಿಲ್ಲ. ಮುಗಿದ ಮೇಲೆ ಉಳಿದ ನೀಲಿಯನ್ನು ಒರೆಸಿ ತೊಳೆದು ಒಣಗಿಸಿ.

ಆಮೇಲೆ ಅಗ್ಗದ ಅಕ್ಕಿ ಹಾಕಿ ಬೀಸಿದೆ. ಮೊದಲ ಬಟ್ಟಲು ಬೂದಿ ಬಣ್ಣ, ಕಬ್ಬಿಣದ ಪುಡಿ. ಅದನ್ನು ಎಸೆದು ಮತ್ತೆ ಮತ್ತೆ ಬೀಸಿ, ಹಿಟ್ಟನ್ನು ಬಿಳಿ ಕಾಗದದ ಮೇಲೆ ಹರಡಿ ಕೆಳಗಿನಿಂದ ಅಯಸ್ಕಾಂತ ಆಡಿಸಿದೆ. ಏನೂ ಅಲ್ಲಾಡದೆ ಹಿಟ್ಟು ಬೆಳ್ಳಗೆ ಬಿದ್ದಾಗ ಗಿರಣಿ ತಯಾರು. ಒಂದು ಮಾತು ನೆನಪಿರಲಿ: ಕಾಳಿಲ್ಲದೆ ಬಿಲ್ಲೆ ತಿರುಗಿಸಬೇಡಿ, ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತದೆ.

ಕಲ್ಲಿನಲ್ಲಿ ಒಡೆಯದಿದ್ದರೆ ಗ್ರಿಟ್ಸೇ ಅಲ್ಲ ಅನ್ನುವವರು ಇಲ್ಲಿ ಬಹಳ. ನಮ್ಮಲ್ಲಿಂದ ಸ್ವಲ್ಪ ದೂರದ ಹೆಲೆನ್ ಊರಲ್ಲಿ, ಚಾಟಹೂಚಿ ನದಿಯ ದಂಡೆಯ ಮೇಲೆ 1876ರಲ್ಲಿ ಕಟ್ಟಿದ ನೋರಾ ಮಿಲ್ ಇದೆ. ಅಲ್ಲಿ ಈಗಲೂ ನೀರಿನ ಬಲದಿಂದ ಫ್ರೆಂಚ್ ಕಲ್ಲು ತಿರುಗಿಸಿ ಗ್ರಿಟ್ಸ್ ಒಡೆಯುತ್ತಾರೆ. ಆ ಕಲ್ಲು ಪ್ಯಾರಿಸ್‌ನ ಪೂರ್ವಕ್ಕೆ ಮಾರ್ನ್ ಕಣಿವೆಯ ಲಾ ಫೆರ್ತೆ ಎಂಬಲ್ಲಿ ಸಿಗುತ್ತಿದ್ದ ಗಟ್ಟಿ ಸ್ಫಟಿಕದ ಜಾತಿಯದು. ಇಡೀ ಕಲ್ಲಲ್ಲ, ತುಂಡುಗಳನ್ನು ಜೋಡಿಸಿ ಸುತ್ತ ಕಬ್ಬಿಣದ ಪಟ್ಟಿ ಬಿಗಿದಿರುತ್ತಾರೆ. ಕಲ್ಲಿನ ಗಿರಣಿಯ ಗುಣ ನಿಜ, ನಿಧಾನ ತಿರುಗುತ್ತದೆ, ಕಾಳು ಬಿಸಿಯಾಗುವುದಿಲ್ಲ. ಆದರೆ ಕೈಯಲ್ಲಿ ತಿರುಗಿಸುವ ಕಬ್ಬಿಣದ ಗಿರಣಿಯಲ್ಲೂ ಕಾಳು ಬಿಸಿಯಾಗುವುದಿಲ್ಲ, ಬಿಸಿಯಾಗುವುದು ನಮ್ಮ ತೋಳು ಮಾತ್ರ. ಇವತ್ತು ಒಡೆದದ್ದಕ್ಕೂ ಮೂರು ತಿಂಗಳ ಹಿಂದೆ ಒಡೆದದ್ದಕ್ಕೂ ಇರುವ ವ್ಯತ್ಯಾಸದ ಮುಂದೆ ಕಲ್ಲು-ಕಬ್ಬಿಣದ ಜಗಳ ಸಣ್ಣದು.

ಕಾಳು

ಸ್ವೀಟ್ ಕಾರ್ನ್ ಆಗುವುದಿಲ್ಲ. ಬೇಕಾದದ್ದು ಡೆಂಟ್ ಜಾತಿ, ಒಣಗಿದಾಗ ತಲೆಯ ಮೇಲೆ ಗುಳಿ ಬೀಳುವಂಥದ್ದು. ಒಳಗಿನ ಪಿಷ್ಟದಲ್ಲಿ ಬದಿಯ ಭಾಗ ಗಟ್ಟಿ, ನಡುವಿನದು ಮೆತ್ತಗೆ. ಮೆತ್ತನೆಯದು ಕುಗ್ಗಿದಾಗ ಆ ಗುಳಿ ಬೀಳುತ್ತದೆ. ಗಟ್ಟಿ ಭಾಗ ನುಚ್ಚಾಗುತ್ತದೆ, ಮೆತ್ತನೆಯದು ಹಿಟ್ಟಾಗುತ್ತದೆ. ಹಿಕರಿ ಕಿಂಗ್ ಅನ್ನುವ ಹಳೇ ಬಿಳಿ ತಳಿ ಇಲ್ಲಿನ ಗುಡ್ಡದ ಜನಕ್ಕೆ ಅಚ್ಚುಮೆಚ್ಚು, ಕಾಳು ಹೆಬ್ಬೆರಳ ಉಗುರಿನಷ್ಟು ಅಗಲ. ಜಿಮ್ಮಿ ರೆಡ್, ಬ್ಲಡಿ ಬುಚರ್ ಅಂತ ಕೆಂಪು ತಳಿಗಳೂ ಇವೆ. ಸೌತ್ ಕೆರೊಲಿನಾದ ಕೊಲಂಬಿಯಾದಲ್ಲಿ ಗ್ಲೆನ್ ರಾಬರ್ಟ್ಸ್ 1998ರಲ್ಲಿ ಆನ್ಸನ್ ಮಿಲ್ಸ್ ಶುರು ಮಾಡಿ ಇಂಥ ಹಳೇ ತಳಿಗಳನ್ನು ಮತ್ತೆ ಹೊಲಕ್ಕೆ ತಂದರು. ಆಮೇಲೆ ದೊಡ್ಡ ಹೋಟೆಲಿನವರ ಕಣ್ಣೂ ಇದರ ಮೇಲೆ ಬಿತ್ತು.

ಬಿತ್ತನೆ ಬೀಜ ತಂದು ಒಡೆಯಬೇಡಿ, ಅದಕ್ಕೆ ಔಷಧ ಹಚ್ಚಿರುತ್ತಾರೆ. ಕೋಳಿಗೆ ಹಾಕುವ ಕಾಳೂ ಬೇಡ, ಬೂಷ್ಟಿನ ವಿಷ ಇದೆಯೋ ಇಲ್ಲವೋ ಅಂತ ಮನುಷ್ಯರ ಊಟದ ಮಟ್ಟಕ್ಕೆ ನೋಡಿರುವುದಿಲ್ಲ. ನಾನು ತಂದದ್ದು ರೈತರೊಬ್ಬರ ಹತ್ತಿರ ಹಿಕರಿ ಕಿಂಗ್, ಸ್ವಲ್ಪ ಬಿಡಿ ಕಾಳು, ಸ್ವಲ್ಪ ತೆನೆ. ಕಾಳನ್ನು ಸುತ್ತಿಗೆಯಿಂದ ಹೊಡೆದರೆ ಚೂರಾಗಬೇಕು. ಚಪ್ಪಟೆಯಾದರೆ ಇನ್ನೂ ಹಸಿ ಇದೆ, ಬಿಲ್ಲೆಗೆ ಮೆತ್ತಿಕೊಳ್ಳುತ್ತದೆ.

ನಮ್ಮೂರು ಹಾವೇರಿ ಕಡೆ. ಅಲ್ಲಿ ಹೊಲದ ತುಂಬಾ ಮೆಕ್ಕೆಜೋಳವೇ, ದಾವಣಗೆರೆ ಕಡೆಯೂ ಅಷ್ಟೇ. ಆದರೆ ಬಹುಪಾಲು ಲಾರಿ ಹತ್ತಿ ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಮನೆಯಲ್ಲಿ ನುಚ್ಚು ಅಂದರೆ ಬಿಳಿಜೋಳದ್ದೇ.

ಮೊದಲ ಬೀಸು, ಅವ್ವನ ಮಾತು

ಒಣ ಕಾಳನ್ನು ಹಾಗೇ ಹಾಕಿ ಒಡೆದೆ. ನುಚ್ಚು ಬಂತು, ಜೊತೆಗೆ ಸಿಪ್ಪೆಯೂ ಚೂರುಚೂರಾಗಿ ಬೆರೆತುಹೋಯಿತು. ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ಅಂಗೈಯಲ್ಲಿ ಹಿಡಿದು ತೋರಿಸಿದೆ.

"ಹಂಗ ಒಣಾದು ಹಾಕಿದ್ರ ಹಿಂಗ ಆಗೂದು ತಮ್ಮಾ. ಒಂದೀಟು ನೀರು ಚಿಮುಕಿಸಿ ಕೈಯಾಡಿಸಿ ಮುಚ್ಚಿಡು. ಸಿಪ್ಪಿ ನಾರಿನಂಗ ಆಗತೈತಿ, ದೊಡ್ಡ ದೊಡ್ಡ ಹೊಟ್ಟಾಗಿ ಬಿಡತೈತಿ. ಆಮ್ಯಾಲೆ ಕೇರು."

"ಕೇರಾಕ ಇಲ್ಲಿ ಮೊರ ಎಲ್ಲಿಂದ ತರ್ಲಿ ಅವ್ವಾ?"

"ಅಷ್ಟ ದೊಡ್ಡ ಅಮೆರಿಕಾದಾಗ ಒಂದ ಮೊರ ಸಿಗಂಗಿಲ್ಲೇನೋ?"

ಅವ್ವ ಹೇಳಿದ್ದನ್ನೇ ದೊಡ್ಡ ಗಿರಣಿಗಳೂ ಮಾಡುತ್ತವೆ. ಒಡೆಯುವ ಮೊದಲು ಕಾಳಿಗೆ ತೇವ ಕೊಡುತ್ತಾರೆ. ಸಿಪ್ಪೆ ನೀರು ಹೀರಿ ಬಾಗುವಂತಾಗುತ್ತದೆ. ಒಳಗಿನ ಪಿಷ್ಟಕ್ಕೆ ನೀರು ಮುಟ್ಟಿರುವುದಿಲ್ಲ, ಅದು ಗಟ್ಟಿಯಾಗೇ ಇದ್ದು ಚೂರಾಗುತ್ತದೆ. ನನ್ನ ಅಳತೆ: ಕಿಲೋ ಕಾಳಿಗೆ 25 ಮಿಲಿ ನೀರು. ಡಬ್ಬಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿ ಇಪ್ಪತ್ತು ನಿಮಿಷ ಬಿಡುವುದು. ಅದಕ್ಕಿಂತ ಜಾಸ್ತಿ ನೀರು ಬೇಡ, ಬಿಲ್ಲೆಯ ಹಲ್ಲಲ್ಲಿ ಹಿಟ್ಟು ಅಂಟಿ ಕೂರುತ್ತದೆ.

ಒಡೆಯುವುದು ಎರಡು ಸಲ. ಮೊದಲ ಸಲ ಸಂದು ದೊಡ್ಡದಾಗಿಟ್ಟು, ಒಂದು ಕಾಳು ನಾಲ್ಕೈದು ಚೂರಾಗುವಷ್ಟು. ಇಲ್ಲಿ ಹೊಟ್ಟು ಬಿಡುತ್ತದೆ. ಟೇಬಲ್ ಫ್ಯಾನನ್ನು ಸಣ್ಣಗೆ ಹಾಕಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದರೆ ಹೊಟ್ಟು ಪಕ್ಕಕ್ಕೆ ಹಾರುತ್ತದೆ. ಇದನ್ನು ಗ್ಯಾರೇಜಿನಲ್ಲಿ ಮಾಡಿ, ಅಡುಗೆ ಮನೆಯಲ್ಲಿ ಮಾಡಿದರೆ ಮನೆಯವರ ಬೈಗುಳ ಗ್ಯಾರಂಟಿ. ಎರಡನೇ ಸಲ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿ ಬೀಸುವುದು. ಒಂದೇ ಸಲಕ್ಕೆ ಬಿಗಿ ಹಿಡಿದು ಬೀಸಿದರೆ ತೋಳೂ ನೋಯುತ್ತದೆ, ಹಿಟ್ಟೂ ಜಾಸ್ತಿ.

ಜರಡಿ

ಗಿರಣಿಯಿಂದ ಬೀಳುವುದು ಗ್ರಿಟ್ಸ್ ಅಲ್ಲ. ಅದು ನುಚ್ಚು, ರವೆ, ಹಿಟ್ಟು, ಹೊಟ್ಟು ಎಲ್ಲಾ ಬೆರೆತ ರಾಶಿ. ಅದನ್ನು ಹಾಗೇ ಬೇಯಿಸಿದರೆ ಹಿಟ್ಟು ಮೊದಲೇ ಬೆಂದು ತಳ ಹಿಡಿಯುತ್ತದೆ, ದಪ್ಪ ಚೂರು ಇನ್ನೂ ಕಲ್ಲಿನ ಹಾಗೆ ಹಲ್ಲಿಗೆ ಸಿಗುತ್ತದೆ. ಒಂದೇ ಗಾತ್ರದ ಚೂರು ಒಂದೇ ಹೊತ್ತಿಗೆ ಬೇಯುತ್ತದೆ, ಅಷ್ಟೇ ಗುಟ್ಟು.

ಅಡುಗೆ ಮನೆಯ ಹಿಟ್ಟಿನ ಜರಡಿ ತುಂಬಾ ಸಣ್ಣ, ಕಾಳಿನ ಜರಡಿ ತುಂಬಾ ದೊಡ್ಡದು. ಹಾಗಾಗಿ ಸ್ಟೇನ್‌ಲೆಸ್ ಜಾಲರಿ ಎರಡು ನಂಬರಿನದು ತರಿಸಿದೆ: ನಂ. 14, ಅಂದರೆ 1.4 ಮಿಲಿಮೀಟರ್ ಕಣ್ಣು, ಮತ್ತು ನಂ. 30, ಅಂದರೆ 0.6 ಮಿಲಿಮೀಟರ್. ಪೈನ್ ಹಲಗೆಯಿಂದ ಒಂದಡಿ ಚೌಕದ ಎರಡು ಚೌಕಟ್ಟು ಮಾಡಿದೆ, ಒಂದರ ಮೇಲೊಂದು ಕೂರುವ ಹಾಗೆ. ಜಾಲರಿಯನ್ನು ಬರೀ ಸ್ಟೇಪಲ್ ಹೊಡೆದು ಬಿಟ್ಟರೆ ವಾರದಲ್ಲಿ ಜೋತುಬೀಳುತ್ತದೆ. ಮೊದಲು ಒಂದು ಬದಿ ಹೊಡೆದು, ಎದುರು ಬದಿಯನ್ನು ಇಕ್ಕಳದಿಂದ ಎಳೆದು ಹಿಡಿದು ಹೊಡೆಯಬೇಕು. ಆಮೇಲೆ ಮೇಲಿಂದ ತೆಳು ಮರದ ಪಟ್ಟಿ ಕೂರಿಸಿ ಸ್ಕ್ರೂ ಬಿಗಿಯಬೇಕು. ಬೆರಳಿಂದ ತಟ್ಟಿದರೆ ತಮಟೆಯ ಥರ ಅಲ್ಲದಿದ್ದರೂ ಸಣ್ಣ ಸದ್ದಾದರೂ ಬರಬೇಕು. ಪಟ್ಟಿಯ ಅಂಚಿನಲ್ಲಿ ಸಂದು ಉಳಿದರೆ ಹಿಟ್ಟು ಅಲ್ಲಿ ಸೇರಿ ಹುಳ ಹಿಡಿಯುತ್ತದೆ. ಆ ಅಂಚಿಗೆ ಜೇನುಮೇಣ ಕರಗಿಸಿ ಹಚ್ಚಿದೆ.

ಮೇಲೆ 14, ನಡುವೆ 30, ಕೆಳಗೆ ಅಗಲದ ತಟ್ಟೆ. 14ರ ಮೇಲೆ ನಿಂತದ್ದು ಮತ್ತೆ ಗಿರಣಿಗೆ. 30ರ ಮೇಲೆ ನಿಂತದ್ದು ಗ್ರಿಟ್ಸ್. ಕೆಳಗೆ ಬಿದ್ದದ್ದು ಕಾರ್ನ್‌ಮೀಲ್, ಇಲ್ಲಿನವರು ಕಾರ್ನ್‌ಬ್ರೆಡ್ ಮಾಡುವ ಹಿಟ್ಟು. ನಮ್ಮ ಮನೆಯಲ್ಲಿ ಅದು ರೊಟ್ಟಿಗೆ ಹೋಗುತ್ತದೆ. ಕಿಲೋ ಕಾಳಿಗೆ ಸುಮಾರು 600 ಗ್ರಾಂ ಗ್ರಿಟ್ಸ್ ಸಿಕ್ಕರೆ ಬಿಲ್ಲೆ ಸರಿಯಾಗಿದೆ ಅಂತ ಅರ್ಥ. ಹಿಟ್ಟೇ ಅರ್ಧಕ್ಕಿಂತ ಜಾಸ್ತಿ ಬಿದ್ದರೆ ಸಂದು ತೀರಾ ಬಿಗಿ ಇದೆ, ಇಲ್ಲವೇ ಕಾಳು ಮೆತ್ತಗಿನ ಜಾತಿ.

ಗ್ರಿಟ್ಸ್ ರಾಶಿಯನ್ನು ಹತ್ತಿರದಿಂದ ನೋಡಿ. ಗಾಜಿನ ಚೂರಿನಂಥ ಪಾರದರ್ಶಕ ತುಂಡು ಗಟ್ಟಿ ಪಿಷ್ಟದ್ದು. ಸುಣ್ಣದಂತೆ ಬೆಳ್ಳಗಿರುವುದು ಮೆತ್ತನೆಯದು. ಹಳದಿಯಾಗಿ ಚಪ್ಪಟೆಯಾಗಿ ಬೆರಳಿಗೆ ಜಿಡ್ಡು ಹತ್ತುವುದು ಮೊಳಕೆ. ನಡುವೆ ಕಪ್ಪು ಚುಕ್ಕೆಗಳಿರುತ್ತವೆ. ಅದು ಕೊಳೆಯಲ್ಲ, ಕಾಳು ದಿಂಡಿಗೆ ಅಂಟಿಕೊಂಡಿದ್ದ ತುದಿಯ ಕಪ್ಪು ಪೊರೆ. ಪ್ಯಾಕೆಟ್ ಗ್ರಿಟ್ಸ್‌ನಲ್ಲಿ ಈ ಚುಕ್ಕೆ ಕಾಣುವುದಿಲ್ಲ. ಮನೆಯಲ್ಲಿ ಒಡೆದದ್ದನ್ನು ತೋರಿಸಿದಾಗ ಪಕ್ಕದ ಮನೆಯ ಅಲಬಾಮಾದ ಅಜ್ಜಿ ಮೊದಲು ಹುಡುಕಿದ್ದೇ ಆ ಚುಕ್ಕೆಗಳನ್ನು.

ಮೊಳಕೆಯ ಎಣ್ಣೆ ಇರುವುದರಿಂದ ಹೊರಗಿಟ್ಟರೆ ಕೆಲವೇ ವಾರದಲ್ಲಿ ಕಮಟು ವಾಸನೆ ಬರುತ್ತದೆ. ಒಡೆದ ದಿನವೇ ಫ್ರೀಜರ್‌ಗೆ.

ಒಲೆ

ಒಂದು ಲೋಟ ಗ್ರಿಟ್ಸ್, ನಾಲ್ಕೂವರೆ ಲೋಟ ನೀರು. ರಾತ್ರಿ ನೆನೆಹಾಕಿ. ಬೆಳಗ್ಗೆ ಮೇಲೆ ತೇಲಿದ ಹೊಟ್ಟನ್ನು ಚಹಾ ಸೋಸುವ ಜಾಲರಿಯಿಂದ ತೆಗೆಯಿರಿ. ನೀರು ಚೆಲ್ಲಬೇಡಿ, ಅದರಲ್ಲೇ ಬೇಯಬೇಕು. ದಪ್ಪ ತಳದ ಪಾತ್ರೆ. ಮೊದಲ ಎಂಟು-ಹತ್ತು ನಿಮಿಷ ಕೈ ಬಿಡದೆ ತಿರುಗಿಸಬೇಕು. ಆ ಹೊತ್ತಿನಲ್ಲೇ ನುಚ್ಚು ತಳದಲ್ಲಿ ಕೂತು ಹತ್ತಿಕೊಳ್ಳುವುದು. ಪಿಷ್ಟ ಬಿಟ್ಟು ನೀರು ಸ್ವಲ್ಪ ಗಟ್ಟಿಯಾಯಿತು ಅಂದರೆ ನುಚ್ಚು ಅದರಲ್ಲಿ ತೇಲುತ್ತದೆ, ಆಗ ಉರಿ ಪೂರಾ ಸಣ್ಣ ಮಾಡಿ ಮುಚ್ಚಿ. ಹತ್ತು ನಿಮಿಷಕ್ಕೊಮ್ಮೆ ತಳ ಕೆರೆದು ತಿರುಗಿಸಿ, ಬೇಕಾದರೆ ಬಿಸಿನೀರು ಸೇರಿಸಿ. ಒಟ್ಟು 50 ನಿಮಿಷದಿಂದ ಒಂದು ಗಂಟೆ. ಗುಳ್ಳೆ ಒಡೆದು ಸಿಡಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಉದ್ದ ಹಿಡಿಯ ಮರದ ಸೌಟು ಇರಲಿ.

ಬೆಂದಿದೆಯೋ ಅಂತ ಗಡಿಯಾರ ನೋಡಬೇಡಿ, ಒಂದು ಕಾಳು ಹಲ್ಲಲ್ಲಿ ಒತ್ತಿ ನೋಡಿ. ಮೆತ್ತಗಿದ್ದೂ ಚೂರಿನ ಆಕಾರ ಉಳಿದಿರಬೇಕು. ಉಪ್ಪು ಅರ್ಧ ಬೆಂದ ಮೇಲೆ, ಬೆಣ್ಣೆ ಕೊನೆಗೆ. ಹಾಲು ಹಾಕುವುದಾದರೆ ಕೊನೆಯ ಕಾಲು ಗಂಟೆಯಲ್ಲಿ, ಮೊದಲೇ ಹಾಕಿದರೆ ತಳ ಸೀಯುತ್ತದೆ. ಗಂಟೆಗಟ್ಟಲೆ ನಿಲ್ಲಲು ಆಗದವರು ಕುಕ್ಕರ್ ಒಳಗೆ ಬೇರೆ ಪಾತ್ರೆ ಇಟ್ಟು, ನೆನೆದ ಗ್ರಿಟ್ಸನ್ನು ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ಒತ್ತಡ ತಾನಾಗಿ ಇಳಿಯಲು ಬಿಡಿ. ತೆಗೆದಾಗ ಮೇಲೆ ನೀರು, ಕೆಳಗೆ ಮುದ್ದೆ. ಗಾಬರಿ ಬೇಡ, ತಿರುಗಿಸಿದರೆ ಸೇರಿಕೊಳ್ಳುತ್ತದೆ. ಒಲೆಯ ಮೇಲಿನದಷ್ಟು ನುಣುಪು ಬರುವುದಿಲ್ಲ, ಕೆಲಸದ ದಿನಕ್ಕೆ ಸಾಕು.

ತಿನ್ನುವುದು

ಸಾದಾ ಪದ್ಧತಿ: ಬೆಣ್ಣೆ, ಉಪ್ಪು, ಕರಿಮೆಣಸು, ಪಕ್ಕದಲ್ಲಿ ಮೊಟ್ಟೆ. ಮೊಟ್ಟೆಯ ಹಳದಿ ಒಡೆದು ಗ್ರಿಟ್ಸ್‌ಗೆ ಬೆರೆಸುವವರು ಬಹಳ. ಚೆಡ್ಡಾರ್ ಚೀಸ್ ಕರಗಿಸಿದ್ದು ಇನ್ನೊಂದು. ಹ್ಯಾಮ್ ಹುರಿದ ಬಾಣಲೆಗೆ ಕಾಫಿ ಡಿಕಾಕ್ಷನ್ ಸುರಿದು ಮಾಡುವ ರೆಡ್-ಐ ಗ್ರೇವಿ ಗುಡ್ಡದ ಕಡೆಯದು. ಕರಾವಳಿಯಲ್ಲಿ, ಚಾರ್ಲ್‌ಸ್ಟನ್ ಸುತ್ತ, ಮೀನುಗಾರರ ಮನೆಗಳಲ್ಲಿ ಬೆಳಗ್ಗೆ ಸಿಗಡಿ ಜೊತೆ ತಿನ್ನುತ್ತಿದ್ದರು. ಅದನ್ನೇ ನಾರ್ತ್ ಕೆರೊಲಿನಾದ ಚಾಪಲ್ ಹಿಲ್‌ನಲ್ಲಿ ಬಿಲ್ ನೀಲ್ ತಮ್ಮ ಹೋಟೆಲಿನ ರಾತ್ರಿ ಊಟಕ್ಕೆ ತಂದರು. 1985ರಲ್ಲಿ ಕ್ರೇಗ್ ಕ್ಲೇಬೋರ್ನ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಮೇಲೆ ದೇಶವಿಡೀ ಹಬ್ಬಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಮಸಾಲೆ ರಸದಲ್ಲಿ ಬೇಯಿಸಿದ ಮಾಂಸದ ತೆಳು ತುಂಡುಗಳ ಜೊತೆ ಬಡಿಸುತ್ತಾರೆ. ಸಸ್ಯಾಹಾರಿಗಳು ಹೋಟೆಲಿನಲ್ಲಿ ಒಂದು ಮಾತು ಕೇಳಿಯೇ ತಿನ್ನಿ, ಗ್ರಿಟ್ಸನ್ನು ಕೋಳಿ ರಸದಲ್ಲಿ ಬೇಯಿಸುವವರಿದ್ದಾರೆ.

ಸಕ್ಕರೆ ಹಾಕಬೇಕೋ ಬೇಡವೋ ಅನ್ನುವುದು ಇಲ್ಲಿ ಮನೆಮನೆಯ ಜಗಳ. ಅಲಬಾಮಾದ ಅಜ್ಜಿ ಉಪ್ಪಿನ ಪಕ್ಷ, ಅವರ ಗಂಡ ಕದ್ದು ಸಕ್ಕರೆ ಹಾಕಿಕೊಳ್ಳುವ ಪಕ್ಷ. ನಾನು ಮೂರನೇ ಪಕ್ಷ: ಗ್ರಿಟ್ಸ್ ಆರಿದ ಮೇಲೆ ಗಟ್ಟಿ ಮಜ್ಜಿಗೆ, ಹಸಿ ಈರುಳ್ಳಿ, ಹುರಿದ ಮೆಣಸಿನಕಾಯಿ, ಮೇಲೆ ಶೇಂಗಾ ಚಟ್ನಿಪುಡಿ. ಅಜ್ಜಿ ಒಂದು ಚಮಚ ತಿಂದು ಚಟ್ನಿಪುಡಿಯ ಡಬ್ಬಿ ಕೇಳಿದರು, ಮಜ್ಜಿಗೆಯ ವಿಷಯ ಎತ್ತಲಿಲ್ಲ.

ಮಿಕ್ಕಿದ್ದನ್ನು ಎಣ್ಣೆ ಸವರಿದ ಬ್ರೆಡ್ ಅಚ್ಚಿಗೆ ಸುರಿದು ಫ್ರಿಜ್‌ನಲ್ಲಿಡಿ. ಮಾರನೇ ದಿನ ಗಟ್ಟಿಯಾಗಿ ನಿಂತಿರುತ್ತದೆ. ಹೋಳು ಮಾಡಿ, ಜರಡಿಯ ಕೆಳಗೆ ಬಿದ್ದಿದ್ದ ಹಿಟ್ಟಲ್ಲಿ ಹೊರಳಿಸಿ, ಕಾವಲಿಯ ಮೇಲೆ ಕೆಂಪಗೆ ಕಾಯಿಸಿ. ನನ್ನ ಲೆಕ್ಕದಲ್ಲಿ ಮೊದಲ ದಿನದ್ದಕ್ಕಿಂತ ಇದೇ ರುಚಿ.

ಸುಣ್ಣದ ದಾರಿ

ಮೂಲನಿವಾಸಿಗಳು ಕಾಳನ್ನು ಹಾಗೇ ಒಡೆಯುತ್ತಿರಲಿಲ್ಲ. ಬೂದಿ ನೀರಲ್ಲಿ ಬೇಯಿಸಿ ಸಿಪ್ಪೆ ತೆಗೆಯುತ್ತಿದ್ದರು. ಹಾಗೆ ಮಾಡಿದ ಕಾಳು ಹಾಮಿನಿ, ಅದನ್ನು ಒಣಗಿಸಿ ಒಡೆದರೆ ಹಾಮಿನಿ ಗ್ರಿಟ್ಸ್. ಈಗ ಸಿಗುವ ಕಲ್ಲಿನ ಗ್ರಿಟ್ಸ್ ಬಹುಪಾಲು ಈ ಕೆಲಸ ಮಾಡದೇ ಒಡೆದದ್ದು.

ಅದು ಬರೀ ರುಚಿಯ ವಿಷಯ ಆಗಿರಲಿಲ್ಲ. ಮೆಕ್ಕೆಜೋಳದ ನಯಾಸಿನ್ ಅನ್ನುವ ವಿಟಮಿನ್ ಮೈಗೆ ಹತ್ತದ ಹಾಗೆ ಬಿಗಿದುಕೊಂಡಿರುತ್ತದೆ, ಬೂದಿ ಅಥವಾ ಸುಣ್ಣದ ಕ್ಷಾರ ತಾಗಿದರೆ ಬಿಡುತ್ತದೆ. 20ನೇ ಶತಮಾನದ ಶುರುವಿನಲ್ಲಿ ದಕ್ಷಿಣದ ಬಡವರು ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಹಂದಿ ಕೊಬ್ಬಿನ ಮೇಲೇ ಬದುಕುತ್ತಿದ್ದಾಗ ಪೆಲ್ಲಾಗ್ರಾ ಸಾವಿರಾರು ಜನರನ್ನು ಕೊಂದಿತು. ಚರ್ಮ ಸುಲಿದು, ಭೇದಿಯಾಗಿ, ಬುದ್ಧಿ ಕೆಡುವ ರೋಗ. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು 1914ರಿಂದ ಓಡಾಡಿ ಇದು ಅಂಟುರೋಗವಲ್ಲ, ಊಟದ ಕೊರತೆ ಅಂತ ತೋರಿಸಿದರು. ಯಾವ ಅಂಶ ಅನ್ನುವುದು 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಕೆಲಸದಿಂದ ಗೊತ್ತಾಯಿತು. ಪ್ಯಾಕೆಟ್ ಗ್ರಿಟ್ಸ್ ಮೇಲೆ ನಯಾಸಿನ್ ಸೇರಿಸಿದೆ ಅಂತ ಬರೆದಿರುವುದು ಆ ಕಾರಣಕ್ಕೇ. ನಮ್ಮ ದಖ್ಖನ್‌ನಲ್ಲೂ ಬಿಳಿಜೋಳವನ್ನೇ ನಂಬಿದ್ದ ಬಡವರಲ್ಲಿ ಈ ರೋಗ ಇತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ತಂಡ 1960ರಲ್ಲಿ ಅದನ್ನು ಬರೆದಿಟ್ಟಿತು. ಬೇಳೆ, ಹಾಲು, ಸೊಪ್ಪು ಊಟದಲ್ಲಿ ಇರುವವರಿಗೆ ಇವತ್ತು ಇದರ ಭಯ ಇಲ್ಲ.

ಮಾಡುವ ವಿಧಾನ: ಕಿಲೋ ಕಾಳಿಗೆ ಮೂರು ಲೀಟರ್ ನೀರು, 10 ಗ್ರಾಂ ಸುಣ್ಣ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಇದೇ ರಾಸಾಯನಿಕ, ಆದರೆ ಅಡುಗೆಗೆ ಅಂತಲೇ ಮಾರುವ ಪುಡಿ ಮೆಕ್ಸಿಕನ್ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನೇ ತನ್ನಿ. ಸ್ಟೀಲ್ ಪಾತ್ರೆ ಇರಲಿ, ಅಲ್ಯೂಮಿನಿಯಂ ಬೇಡ. ಸಣ್ಣ ಉರಿಯಲ್ಲಿ 40 ನಿಮಿಷ ಕುದಿಸಿ ರಾತ್ರಿ ಬಿಟ್ಟರೆ ಬೆಳಗ್ಗೆ ಸಿಪ್ಪೆ ಲೋಳೆಯಾಗಿ ಕೈಗೆ ಬರುತ್ತದೆ. ಉಜ್ಜಿ, ನೀರು ತಿಳಿಯಾಗುವವರೆಗೆ ತೊಳೆದು, ಒಣಗಿಸಿ. ಇಲ್ಲಿ ಅವಸರ ಬೇಡ. ಹೊರಗೆ ಒಣಗಿ ಒಳಗೆ ತೇವ ಇದ್ದರೆ ಬಿಲ್ಲೆ ಕಟ್ಟಿಕೊಳ್ಳುತ್ತದೆ. ಒಣಗಿದ ಕಾಳು ಡಬ್ಬಿಯಲ್ಲಿ ಕಲ್ಲಿನ ಹಾಗೆ ಸದ್ದು ಮಾಡಬೇಕು. ಇದನ್ನು ಒಡೆದರೆ ಹೊಟ್ಟಿನ ರಗಳೆಯೇ ಇಲ್ಲ, ಜರಡಿ ಕೆಲಸ ಅರ್ಧ ಹೊತ್ತಲ್ಲಿ ಮುಗಿಯುತ್ತದೆ. ಬೇಯುವಾಗ ಮನೆಯಲ್ಲಿ ಟೋರ್ಟಿಲಾ, ಅಂದರೆ ಮೆಕ್ಸಿಕನ್ ರೊಟ್ಟಿ, ಮಾಡುವ ಅಂಗಡಿಯ ವಾಸನೆ. ನನ್ನ ಹೆಂಡತಿಗೆ ಇದೇ ಇಷ್ಟ, ನನಗೆ ಸಾದಾ ಗ್ರಿಟ್ಸ್.

ಗಿರಣಿಯನ್ನು ನೀರಲ್ಲಿ ತೊಳೆಯುವುದಿಲ್ಲ. ಬಿಲ್ಲೆ ಬಿಚ್ಚಿ ಒಣ ಬ್ರಷ್‌ನಿಂದ ಹಲ್ಲು ಗುಡಿಸಿ, ಒಂದು ಹಿಡಿ ಒಣ ಅಕ್ಕಿ ಬೀಸಿ, ಬಟ್ಟೆ ಮುಚ್ಚಿಡುತ್ತೇನೆ. ಸದ್ಯಕ್ಕೆ ಉಳಿದಿರುವ ಕೆಲಸ ಎರಡು. ಹಿಡಿಕೆಯ ಮರದ ಗುಬುಟು ಸಡಿಲ ಇದೆ, ಹೊಸದು ಕಡೆಯಬೇಕು. ರೈತರು ತೆನೆ ಸಮೇತ ಕೊಟ್ಟ ಮೂಟೆ ಇನ್ನೂ ಅರ್ಧ ಹಾಗೇ ಇದೆ, ಹೆಬ್ಬೆರಳಲ್ಲಿ ಕಾಳು ಬಿಡಿಸಿ ಸಾಕಾಗಿದೆ. ಅದೇ ಹಳೇ ಸಾಮಾನಿನ ಅಂಗಡಿಯಲ್ಲಿ ತೆನೆ ಬಿಡಿಸುವ ಎರಕದ ಯಂತ್ರವೂ ಇದೆ, ಒಂದು ಹಲ್ಲಿನ ಚಕ್ರ ಮುರಿದಿದೆ, ಬೆಲೆ ಚೌಕಾಶಿ ನಡೆಯುತ್ತಿದೆ.